‘ಚೆನ್ನಮ್ಮ’: ಒಂದು ಸ್ತ್ರೀನಾಮದ ಅರ್ಥ ಮತ್ತು ಬಳಕೆ

1. ಪೀಠಿಕೆ

ಕನ್ನಡ ನಾಮವಿಜ್ಞಾನದಲ್ಲಿ ಸ್ಥಳನಾಮಗಳಿಗೆ ದೊರೆತಷ್ಟು ಗಮನ ವ್ಯಕ್ತಿನಾಮಗಳಿಗೆ ದೊರೆತಿಲ್ಲ. ವ್ಯಕ್ತಿನಾಮಗಳಲ್ಲಿಯೂ ಅರಸರು, ಸಾಮಂತರು, ಕವಿಗಳು, ಆಚಾರ್ಯರು ಇವರ ಹೆಸರುಗಳ ಚರ್ಚೆಯೇ ಮುಂದಾಗಿದೆ. ಸ್ತ್ರೀನಾಮಗಳು ಬಹುಮಟ್ಟಿಗೆ ವಂಶಾವಳಿಯ ಅಂಚಿನಲ್ಲಿ ಉಳಿದುಕೊಂಡಿವೆ. ಅವುಗಳ ಅರ್ಥವನ್ನು ಹೇಳಬೇಕಾದ ಸಂದರ್ಭ ಬಂದಾಗ ನಿಘಂಟನ್ನು ತೆರೆದು, ಪೂರ್ವಪದಕ್ಕೆ ಸಿಗುವ ಮೊದಲ ಅರ್ಥವನ್ನೇ ಹೆಸರಿನ ಅರ್ಥವೆಂದು ಒಪ್ಪಿಕೊಳ್ಳುವುದು ರೂಢಿಯಾಗಿದೆ. ಈ ರೂಢಿಯ ಇತಿಮಿತಿಯನ್ನು ಕಾಣಲು ‘ಚೆನ್ನಮ್ಮ’ ಎಂಬ ಹೆಸರಿಗಿಂತ ಸೂಕ್ತವಾದ ಉದಾಹರಣೆ ವಿರಳ. ಕರ್ನಾಟಕದಲ್ಲಿ ಈ ಹೆಸರನ್ನು ಕೇಳದವರಿಲ್ಲ. ಆದರೆ ಅದರ ಅರ್ಥವೇನೆಂದರೆ ‘ಚೆಲುವೆ’ ಎಂಬ ಒಂದೇ ಮಾತಿನಲ್ಲಿ ವಿವರಣೆ ಮುಗಿದುಹೋಗುತ್ತದೆ.

ಈ ವಿವರಣೆ ಪೂರ್ತಿ ತಪ್ಪೆನ್ನಲಾಗದು; ಆದರೆ ಅದು ಅಪೂರ್ಣ. ಅಪೂರ್ಣತೆಯ ಪರಿಣಾಮ ಸಣ್ಣದೂ ಅಲ್ಲ. ಗಂಡಿನ ಹೆಸರು ಬಂದಾಗ ಮನೆದೇವರನ್ನೂ ಹಿರಿಯರನ್ನೂ ನೆನೆಯುವ ವ್ಯಾಖ್ಯಾನ, ಹೆಣ್ಣಿನ ಹೆಸರು ಬಂದಾಗ ರೂಪವನ್ನಷ್ಟೇ ನೋಡುತ್ತದೆ. ಚೆನ್ನಪ್ಪ ಎಂದರೆ ಚೆನ್ನಬಸವಣ್ಣನ ಇಲ್ಲವೆ ಚೆನ್ನಕೇಶವನ ಹೆಸರಿನವನು. ಚೆನ್ನಮ್ಮ ಎಂದರೆ ಸುಂದರಿ ಎಂಬಂತಾಗುತ್ತದೆ. ಒಂದೇ ಪ್ರಕೃತಿಯಿಂದ ಹುಟ್ಟಿದ ಎರಡು ಹೆಸರುಗಳಿಗೆ ಎರಡು ಬಗೆಯ ವ್ಯಾಖ್ಯಾನವನ್ನು ಅನ್ವಯಿಸುವುದು ಶಾಸ್ತ್ರಸಮ್ಮತವೆನಿಸಲಾರದು.

2. ‘ಚೆನ್ನ’ ಪದದ ಸ್ವರೂಪ

‘ಚೆನ್ನು’, ‘ಚೆನ್ನ’ ಎಂಬ ರೂಪಗಳಿಗೆ ನಿಘಂಟುಗಳು ಅಂದ, ಚೆಲುವು, ಸೊಗಸು, ಒಳಿತು ಎಂಬ ಅರ್ಥಗಳನ್ನು ಕೊಡುತ್ತವೆ. ತೆಲುಗಿನಲ್ಲಿಯೂ ‘ಚೆನ್ನು’ ಎಂಬುದು ಇದೇ ಅರ್ಥದಲ್ಲಿದ್ದು, ಅಲ್ಲಿಯೂ ಚೆನ್ನಯ್ಯ, ಚೆನ್ನಮ್ಮ, ಚೆನ್ನಕೇಶವ ಮುಂತಾದ ಹೆಸರುಗಳು ಬಳಕೆಯಲ್ಲಿವೆ. ಪಲ್ನಾಡಿನ ಮಾಚರ್ಲದ ಚೆನ್ನಕೇಶವ ದೇವಾಲಯ ಪ್ರಸಿದ್ಧವಾದುದು. ಮದರಾಸಿಗೆ ಚೆನ್ನಪಟ್ಟಣವೆಂಬ ಹೆಸರು ದಾಮರ್ಲ ಮನೆತನದ ಚೆನ್ನಪ್ಪ ನಾಯಕನಿಂದ ಬಂದುದೆಂಬ ವಿವರಣೆ ಪ್ರಚಲಿತವಾಗಿದೆ. ಆದ್ದರಿಂದ ಈ ನಾಮಪ್ರಕೃತಿಯ ವ್ಯಾಪ್ತಿ ಕನ್ನಡ ಮತ್ತು ತೆಲುಗು ನಾಡುಗಳೆರಡಕ್ಕೂ ಸೇರಿದುದು.

‘ಚೆನ್ನ’ವನ್ನು ತಮಿಳಿನ ‘ಚೆಂ’ (ಕೆಂಪು, ನೇರ, ಶ್ರೇಷ್ಠ) ಎಂಬುದರೊಡನೆ ಕೂಡಿಸಿ ನೋಡುವ ಪ್ರಯತ್ನ ಯಾರಿಗಾದರೂ ಸಹಜವಾಗಿ ತೋರಬಹುದು. ಆದರೆ ಇದಕ್ಕೆ ಧ್ವನಿನಿಯಮದ ತೊಡಕಿದೆ. ಮೂಲದ ಪದಾದಿ ಕಕಾರವು ಪೂರ್ವಸ್ವರಗಳ ಮುಂದೆ ತಮಿಳು, ತೆಲುಗುಗಳಲ್ಲಿ ಚಕಾರವಾಗುತ್ತದೆ. ಕನ್ನಡದಲ್ಲಿ ಅದು ಕಕಾರವಾಗಿಯೇ ಉಳಿಯುತ್ತದೆ. ತಮಿಳು, ತೆಲುಗುಗಳ ‘ಚೆವಿ’ ಕನ್ನಡದಲ್ಲಿ ‘ಕಿವಿ’. ಅಲ್ಲಿಯ ‘ಚೆಯ್’ ಇಲ್ಲಿ ‘ಕೆಯ್’, ‘ಗೆಯ್’. ಅಲ್ಲಿಯ ‘ಚೆಂ’ ಇಲ್ಲಿ ‘ಕೆಂ’, ‘ಕೆಂಪು’. ಹೀಗಿರುವಲ್ಲಿ ‘ಚೆನ್ನ’ವನ್ನು ಕೆಂಪಿನ ಧಾತುವಿಗೆ ಸೇರಿಸಬೇಕಾದರೆ ಅದು ನೆರೆಭಾಷೆಯಿಂದ ಬಂದುದೆಂದು ಮೊದಲು ಸಿದ್ಧಪಡಿಸಬೇಕಾಗುತ್ತದೆ. ಧ್ವನಿಸಾದೃಶ್ಯವೊಂದನ್ನೇ ನಂಬಿ ಚೆನ್ನಮ್ಮನನ್ನು ‘ಕೆಂಪಮ್ಮ’ನ ಸಮಾನಪದವಾಗಿಸುವಂತಿಲ್ಲ.

‘ಚಿನ್ನಮ್ಮ’ ಎಂಬ ಹೆಸರನ್ನು ‘ಚೆನ್ನಮ್ಮ’ನ ರೂಪಾಂತರವೆಂದು ಭಾವಿಸುವುದು ಇನ್ನೊಂದು ಗೊಂದಲ. ಕನ್ನಡದಲ್ಲಿ ‘ಚಿನ್ನ’ ಬಂಗಾರ. ಹೊನ್ನಮ್ಮ, ಬಂಗಾರಮ್ಮ ಇವುಗಳ ಸಾಲಿಗೆ ಚಿನ್ನಮ್ಮ ಸೇರುತ್ತದೆ. ತಮಿಳು, ತೆಲುಗುಗಳಲ್ಲಿ ‘ಚಿನ್ನ’ ಎಂದರೆ ಚಿಕ್ಕದು. ಅಲ್ಲಿ ‘ಚಿನ್ನಮ್ಮ’ ಚಿಕ್ಕಮ್ಮನನ್ನು ಸೂಚಿಸುವ ಸಂಬಂಧವಾಚಕವೂ ಹೌದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ನಾಯಕಿ ಚಿನ್ನಮ್ಮನೇ ಹೊರತು ಚೆನ್ನಮ್ಮನಲ್ಲ. ಗಡಿಭಾಗದ ಊರುಗಳಲ್ಲಿ ಈ ಎರಡು ಹೆಸರುಗಳು ಉಚ್ಚಾರದಲ್ಲಿ ಹತ್ತಿರ ಬರುವುದರಿಂದ, ಬರವಣಿಗೆಯ ದಾಖಲೆಯೊಂದನ್ನೇ ಆಧರಿಸುವವರು ಎಚ್ಚರ ವಹಿಸಬೇಕು.

ಅರ್ಥದ ದೃಷ್ಟಿಯಿಂದ ಮುಖ್ಯವಾದ ಸಾಕ್ಷ್ಯ ಇಂದಿನ ಆಡುನುಡಿಯಲ್ಲಿಯೇ ಇದೆ. ‘ಚೆನ್ನಾಗಿದ್ದೀರಾ?’ ಎಂದು ಕೇಳುವವರು ಎದುರಿನವರ ರೂಪವನ್ನು ವಿಚಾರಿಸುತ್ತಿಲ್ಲ. ಅವರ ಕ್ಷೇಮವನ್ನು ವಿಚಾರಿಸುತ್ತಿದ್ದಾರೆ. ‘ಮಳೆ ಚೆನ್ನಾಗಿ ಆಯಿತು’, ‘ಚೆನ್ನಾಗಿ ಓದು’, ‘ಅವರ ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರು’ ಎಂಬ ಪ್ರಯೋಗಗಳಲ್ಲಿಯೂ ಕಣ್ಣಿಗೆ ಕಾಣುವ ಅಂದದ ಸೋಂಕಿಲ್ಲ. ಸಮೃದ್ಧಿ, ಸರಿತನ, ಸೌಖ್ಯ ಇವೇ ಅಲ್ಲಿನ ಅರ್ಥ. ‘ಚೆಲುವು’ ಮುಖ್ಯವಾಗಿ ನೋಟಕ್ಕೆ ಸಂಬಂಧಿಸಿದ ಪದವಾಗಿ ಉಳಿಯಿತು; ‘ಚೆನ್ನ’ವು ನೋಟವನ್ನು ದಾಟಿ ಒಳ್ಳೆಯದೆಲ್ಲಕ್ಕೂ ಹರಡಿತು. ಹೆಸರಿನ ಪೂರ್ವಪದವಾಗಿ ಬಂದಾಗ ಮಾತ್ರ ಅದನ್ನು ಮತ್ತೆ ರೂಪಕ್ಕೆ ಕಟ್ಟಿಹಾಕುವುದಕ್ಕೆ ಭಾಷಿಕವಾದ ಕಾರಣವಿಲ್ಲ.

3. ದೇವನಾಮವಾಗಿ ‘ಚೆನ್ನ’

ಈ ಪ್ರಕೃತಿಯ ಬಳಕೆ ದೇವತೆಗಳ ಹೆಸರಿನಲ್ಲಿ ಬಹಳ ಹಳೆಯದು. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ದೇವರು ವಿಜಯನಾರಾಯಣ. ಜನರ ನಾಲಗೆಯಲ್ಲಿ ನೆಲೆನಿಂತುದು ಚೆನ್ನಕೇಶವ, ಚೆನ್ನಿಗರಾಯ ಎಂಬ ಹೆಸರುಗಳು. ಅದೇ ಪ್ರಾಕಾರದಲ್ಲಿ ಶಾಂತಲಾದೇವಿ ಕಟ್ಟಿಸಿದ ಗುಡಿ ಇಂದಿಗೂ ಕಪ್ಪೆ ಚೆನ್ನಿಗರಾಯನ ಗುಡಿಯೆಂದೇ ಪ್ರಸಿದ್ಧ. ಅರಸನ ವಿಜಯವನ್ನು ಸ್ಮರಿಸುವ ಹೆಸರು ಹಿಂದೆ ಸರಿದು ‘ಚೆನ್ನ’ ಎಂಬ ದೇಸಿಪದ ಮುಂದೆ ಬಂದುದು ಹೆಸರುಗಳ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ.

ಶೈವರಲ್ಲಿ ಶ್ರೀಶೈಲದ ಮಲ್ಲಿಕಾರ್ಜುನನು ಅಕ್ಕಮಹಾದೇವಿಯ ಅಂಕಿತದಲ್ಲಿ ‘ಚೆನ್ನಮಲ್ಲಿಕಾರ್ಜುನ’ನಾದನು. ಇಲ್ಲಿ ‘ಚೆನ್ನ’ದ ಅರ್ಥ ಸೂಕ್ಷ್ಮವಾದುದು. ಅಕ್ಕನ ವಚನಗಳು ರೂಪವೇ ಇಲ್ಲದವನನ್ನು ಚೆಲುವನೆಂದು ಕರೆದು ಒಲಿಯುವ ವಚನಗಳು. ಆಕಾರವಿಲ್ಲದವನ ಚೆಲುವು ಕಣ್ಣಿನ ವಿಷಯವಾಗಲಾರದು. ಎ.ಕೆ. ರಾಮಾನುಜನ್ ಅವರು ‘ಸ್ಪೀಕಿಂಗ್ ಆಫ್ ಶಿವ’ (1973) ಗ್ರಂಥದ ಅನುವಾದಗಳಲ್ಲಿ ಈ ಅಂಕಿತವನ್ನು ಮಲ್ಲಿಗೆಯಂತೆ ಬಿಳಿಯನಾದ ಒಡೆಯ ಎಂಬರ್ಥದ ಇಂಗ್ಲಿಷ್ ನುಡಿಗಟ್ಟಿನಿಂದ ತಂದಿದ್ದಾರೆ. ‘ಅರ್ಜುನ’ ಪದಕ್ಕೆ ಬಿಳುಪು ಎಂಬ ಅರ್ಥವಿರುವುದರಿಂದ ‘ಮಲ್ಲಿಕಾರ್ಜುನ’ಕ್ಕೆ ಅದು ಹೊಂದುತ್ತದೆ, ಕಾವ್ಯದ ಲಯಕ್ಕೂ ಒಪ್ಪುತ್ತದೆ. ಆದರೆ ಅಂಕಿತದ ಮೊದಲ ಪದವಾದ, ಅದರಲ್ಲಿನ ಏಕೈಕ ಕನ್ನಡ ಪದವಾದ ‘ಚೆನ್ನ’ ಅಲ್ಲಿ ಕಾಣಿಸದೆ ಹೋಗುತ್ತದೆ. ಸಂಸ್ಕೃತ ಸಮಾಸವನ್ನು ಬಿಡಿಸಿ ಅರ್ಥಮಾಡುವ ಆಸಕ್ತಿ ದೇಸಿ ವಿಶೇಷಣದ ಕಡೆಗೆ ಹರಿಯದಿರುವುದಕ್ಕೆ ಇದೊಂದು ನಿದರ್ಶನ. ನಾಮವ್ಯಾಖ್ಯಾನದಲ್ಲಿಯೂ ಇಂಥದೇ ಅಲಕ್ಷ್ಯ ಕಂಡುಬರುತ್ತದೆ.

ಪುರುಷನಾಮಗಳಲ್ಲಿ ಚೆನ್ನಬಸವಣ್ಣ, ಮಾದಾರ ಚೆನ್ನಯ್ಯ ಇವರು ಶರಣಪರಂಪರೆಯವರು. ಶ್ರವಣಬೆಳಗೊಳದಲ್ಲಿ 17ನೆಯ ಶತಮಾನದ ಚೆನ್ನಣ್ಣನ ಬಸದಿ ಇದೆ. ತುಳುನಾಡಿನ ಪಾಡ್ದನಗಳು ಕೋಟಿ ಚೆನ್ನಯರೆಂಬ ಅವಳಿ ವೀರರನ್ನು ಹಾಡುತ್ತವೆ. ವೈಷ್ಣವ, ವೀರಶೈವ, ಜೈನ ಎಂಬ ಭೇದವಿಲ್ಲದೆ, ಮೇಲುಕೀಳೆಂಬ ಶ್ರೇಣಿಗಳನ್ನೂ ಮೀರಿ ಈ ಹೆಸರು ಹರಡಿದೆ. ಬಸವ, ಕೇಶವ, ಜಿನ ಎಂಬ ಪದಗಳು ಹೆಸರಿನಲ್ಲಿ ಬಂದ ಕೂಡಲೇ ಮತವನ್ನು ಹೇಳಿಬಿಡುತ್ತವೆ. ‘ಚೆನ್ನ’ ಹಾಗೆ ಹೇಳುವುದಿಲ್ಲ. ಎಲ್ಲರ ದೇವರಿಗೂ ಅಂಟಿಕೊಳ್ಳಬಲ್ಲ ಈ ಗುಣವೇ ಅದರ ವ್ಯಾಪಕತೆಗೆ ಮುಖ್ಯ ಕಾರಣವಾಗಿರುವಂತೆ ತೋರುತ್ತದೆ.

4. ‘ಅಮ್ಮ’ ಎಂಬ ಉತ್ತರಪದ

‘ಚೆನ್ನಮ್ಮ’ ಎಂಬುದನ್ನು ಎರಡು ರೀತಿಯಲ್ಲಿ ಬಿಡಿಸಬಹುದು. ಚೆನ್ನಾದ ಅಮ್ಮ ಎಂದು ವಿಶೇಷಣ ವಿಶೇಷ್ಯಗಳಾಗಿ ಬಿಡಿಸುವುದು ಒಂದು ರೀತಿ. ‘ಚೆನ್ನ’ ಎಂಬ ಹೆಸರಿಗೆ ಸ್ತ್ರೀತ್ವವನ್ನೂ ಗೌರವವನ್ನೂ ಸೂಚಿಸುವ ‘ಅಮ್ಮ’ ಸೇರಿದೆಯೆಂದು ತಿಳಿಯುವುದು ಇನ್ನೊಂದು ರೀತಿ. ಯಾವುದು ಸರಿಯೆಂಬುದನ್ನು ಇದೇ ಮಾದರಿಯ ಇತರ ಹೆಸರುಗಳಿಂದ ನಿರ್ಣಯಿಸಬೇಕು. ಬಸಮ್ಮ, ರುದ್ರಮ್ಮ, ಸಿದ್ದಮ್ಮ, ವೀರಮ್ಮ, ಮಲ್ಲಮ್ಮ, ನಂಜಮ್ಮ ಇವು ಅಂಥವು. ನಂಜಮ್ಮ ಎಂದರೆ ನಂಜಿನಂಥ ತಾಯಿ ಎಂದು ಯಾರೂ ಅರ್ಥಮಾಡುವುದಿಲ್ಲ. ಅದು ನಂಜನಗೂಡಿನ ನಂಜುಂಡನನ್ನು ನೆನೆಯುವ ಹೆಸರು. ಬಸಮ್ಮನ ಹೆಸರಿನಲ್ಲಿ ಬಸವನಿದ್ದಾನೆ, ಮಲ್ಲಮ್ಮನ ಹೆಸರಿನಲ್ಲಿ ಮಲ್ಲಿಕಾರ್ಜುನನಿದ್ದಾನೆ. ಈ ಸಾಲಿನಲ್ಲಿ ಚೆನ್ನಮ್ಮನೊಬ್ಬಳನ್ನೇ ಬೇರ್ಪಡಿಸಿ, ಅವಳ ಹೆಸರು ಮಾತ್ರ ರೂಪವರ್ಣನೆಯೆಂದು ಹೇಳುವುದು ಯುಕ್ತವಲ್ಲ. ಉಳವಿಯ ಚೆನ್ನಬಸವೇಶ್ವರನ ಒಕ್ಕಲಿನ ಮನೆಗಳಲ್ಲಿ ಗಂಡು ಚೆನ್ನಬಸಪ್ಪನಾದರೆ ಹೆಣ್ಣು ಚೆನ್ನಬಸಮ್ಮ ಅಥವಾ ಚೆನ್ನಮ್ಮನಾಗುತ್ತಾಳೆ.

ಇದಕ್ಕೆ ಮೇಲುಕೋಟೆಯ ಚೆಲುವನಾರಾಯಣನ ಸುತ್ತಲಿನ ಹೆಸರುಗಳು ಸಮರ್ಥನೆ ಒದಗಿಸುತ್ತವೆ. ಆ ಭಾಗದ ಚೆಲುವಯ್ಯ, ಚೆಲುವರಾಯ, ಚೆಲುವಮ್ಮ ಇವು ದೇವರಿಂದ ಬಂದ ಹೆಸರುಗಳು. ಮೈಸೂರು ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ‘ವರನಂದಿ ಕಲ್ಯಾಣ’ದಲ್ಲಿ ಹಾಡಿದ್ದು ಮೇಲುಕೋಟೆಯ ಚೆಲುವರಾಯನ ಕಥೆಯನ್ನೇ. ಕವಯಿತ್ರಿಯ ಹೆಸರಿನ ಪೂರ್ವಪದವೂ ಕಾವ್ಯದೇವತೆಯ ಹೆಸರಿನ ಪೂರ್ವಪದವೂ ಒಂದೇ ಆಗಿವೆ. ‘ಚೆಲುವು’ ಎಂಬ ನೇರ ರೂಪವಾಚಕವೇ ದೇವರ ಮೂಲಕ ಹೆಣ್ಣಿಗೆ ಬಂದಿರುವಾಗ, ಅದಕ್ಕಿಂತ ವಿಶಾಲಾರ್ಥದ ‘ಚೆನ್ನ’ದ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಉತ್ತರಪದಗಳಿಗೂ ಕಾಲಮಾನವಿದೆ. ಹತ್ತು ಹನ್ನೊಂದನೆಯ ಶತಮಾನಗಳ ಸ್ತ್ರೀನಾಮಗಳಲ್ಲಿ ‘ಅಬ್ಬೆ’ ವಿಶೇಷವಾಗಿ ಕಾಣುತ್ತದೆ. ಅತ್ತಿಮಬ್ಬೆಯ ಹೆಸರು ಸರ್ವವಿದಿತ. ಹೊಯ್ಸಳರ ಕಾಲದ ರಾಜಮನೆತನದಲ್ಲಿ ಶಾಂತಲದೇವಿ, ಬಮ್ಮಲದೇವಿ ಮುಂತಾಗಿ ‘ದೇವಿ’ ಬಳಕೆಗೆ ಬಂದಿತು. ಅನಂತರದ ಕಾಲದಲ್ಲಿ ‘ಅಮ್ಮ’, ‘ಅವ್ವ’, ‘ಅಕ್ಕ’ ಇವು ಜನಸಾಮಾನ್ಯರಲ್ಲಿಯೂ, ‘ಅಂಬೆ’, ‘ಅಂಬಿಕೆ’ ಇವು ಅರಮನೆ ಮತ್ತು ಕಾವ್ಯಗಳಲ್ಲಿಯೂ ಹೆಚ್ಚಿದವು. ಉತ್ತರ ಕರ್ನಾಟಕದ ಚೆನ್ನವ್ವ, ದಕ್ಷಿಣದ ಚೆನ್ನಮ್ಮ, ಗ್ರಂಥಗಳ ಚೆನ್ನಾಂಬಿಕೆ ಒಂದೇ ಹೆಸರಿನ ಮೂರು ಉಡುಪುಗಳು.

‘ಅಮ್ಮ’ ಇಲ್ಲಿ ತಾಯ್ತನವನ್ನು ಹೇಳುವುದಿಲ್ಲವೆಂಬುದನ್ನೂ ನೆನೆಯಬೇಕು. ತೊಟ್ಟಿಲಿಗೆ ಹಾಕಿದ ದಿನವೇ ಕೂಸು ಚೆನ್ನಮ್ಮನಾಗುತ್ತದೆ. ಆ ಕೂಸಿಗೆ ಅಜ್ಜಿಯ ಹೆಸರನ್ನಿಟ್ಟಿದ್ದರೆ, ಹಿರಿಯರ ಹೆಸರನ್ನು ಬಾಯಿಬಿಟ್ಟು ಕೂಗಿ ಗದರಿಸಲಾಗದೆಂದು ಮನೆಯವರು ‘ಅವ್ವಿ’, ‘ಅಜ್ಜಿ’, ‘ಪುಟ್ಟಿ’ ಎಂದು ಕರೆಯುವ ವಾಡಿಕೆಯೂ ಉಂಟು. ಹೆಸರು ಆ ಕೂಸಿನ ಗುಣವನ್ನು ವರ್ಣಿಸುತ್ತಿಲ್ಲ. ಮನೆಯ ಹಿಂದಿನ ಹೆಣ್ಣೊಬ್ಬಳನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಿದೆ. ವಂಶಾವಳಿಗಳು ಗಂಡಸರನ್ನು ಎಣಿಸುತ್ತವೆ; ಅಜ್ಜಿಯಿಂದ ಮೊಮ್ಮಗಳಿಗೆ ಸಾಗುವ ಹೆಸರು ಹೆಂಗಸರ ಅಲಿಖಿತ ವಂಶಾವಳಿಯಾಗಿ ಕೆಲಸಮಾಡುತ್ತದೆ.

5. ಮೂವರು ಆಳರಸಿಯರು

ಈ ನಾಮಪ್ರಕೃತಿಯನ್ನು ಹೊತ್ತ ಮೂವರು ಆಳರಸಿಯರು ಪಶ್ಚಿಮ ಕರ್ನಾಟಕದ ಚರಿತ್ರೆಯಲ್ಲಿ ಕಾಣಿಸುತ್ತಾರೆ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿ ಮೊದಲಿನವಳು. ಕರಾವಳಿಯ ಮೆಣಸಿನ ವ್ಯಾಪಾರದ ಮೇಲೆ ಆಕೆಗಿದ್ದ ಹಿಡಿತದಿಂದಾಗಿ ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ವ್ಯಾಪಾರಕ್ಕೆ ಬಂದವರು ಆಕೆಯನ್ನು ಗುರುತಿಸಿದ್ದು ಸರಕಿನ ಮೂಲಕ. ಸ್ಥಳೀಯ ಪರಂಪರೆ ಗುರುತಿಸಿದ್ದು ‘ಚೆನ್ನ’ ಮತ್ತು ‘ಭೈರ’ ಎಂಬ ಎರಡು ನಾಮಾಂಶಗಳ ಮೂಲಕ. 1606ರ ಸುಮಾರಿಗೆ ಆಕೆಯ ರಾಜ್ಯವು ಕೆಳದಿಯ ವೆಂಕಟಪ್ಪ ನಾಯಕನಿಗೆ ವಶವಾಯಿತು. ಇದಾದ ಏಳು ದಶಕಗಳೊಳಗೆ ಆ ಕೆಳದಿಯ ಸಿಂಹಾಸನದಲ್ಲಿಯೇ ಇನ್ನೊಬ್ಬ ಚೆನ್ನಮ್ಮ ಕುಳಿತಳು.

ಕೆಳದಿಯ ಸೋಮಶೇಖರ ನಾಯಕನ ತರುವಾಯ, 1671ರ ಸುಮಾರಿನಿಂದ ಇಪ್ಪತ್ತೈದು ವರ್ಷಗಳ ಕಾಲ ಆಳಿದ ಈ ರಾಣಿಯನ್ನು ಕೆಳದಿಯ ಪರಂಪರೆ ‘ಚೆನ್ನಮ್ಮಾಜಿ’ ಎಂದು ಕರೆಯುತ್ತದೆ. ಅದೇ ವಂಶದ ಕೊನೆಯ ರಾಣಿ ವೀರಮ್ಮಾಜಿಯ ಹೆಸರಿನಲ್ಲಿಯೂ ಈ ‘ಜಿ’ ಇದೆ. ‘ಅಮ್ಮ’ ಎಂಬ ಗೌರವಸೂಚಕದ ಮೇಲೆ ಮತ್ತೊಂದು ಗೌರವಸೂಚಕ ಸೇರಿರುವುದು, ಮೊದಲಿನದು ಆ ವೇಳೆಗೆ ಹೆಸರಿನೊಳಗೇ ಕರಗಿಹೋಗಿತ್ತೆಂಬುದನ್ನು ತೋರಿಸುತ್ತದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೈನ್ಯವನ್ನು ಎದುರಿಸಿದುದು ಈಕೆಯ ಆಳ್ವಿಕೆಯ ಪ್ರಸಿದ್ಧ ಘಟನೆ. ಈಕೆಯ ದತ್ತುಪುತ್ರ ಬಸವಪ್ಪ ನಾಯಕನು ‘ಶಿವತತ್ತ್ವರತ್ನಾಕರ’ವನ್ನು ರಚಿಸಿದನು. ಚನ್ನಗಿರಿ ಎಂಬ ಊರಿನ ಹೆಸರು ಈಕೆಯಿಂದಲೇ ಬಂದುದೆಂಬ ಪ್ರತೀತಿ ಇದೆ.

ಮೂರನೆಯವಳು ಕಿತ್ತೂರಿನ ಚೆನ್ನಮ್ಮ. ಕಾಕತಿಯಲ್ಲಿ ಹುಟ್ಟಿ ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕೈಹಿಡಿದ ಈಕೆ, ದತ್ತಕವನ್ನು ಮನ್ನಿಸದ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಿಂತಳು. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಆಕೆ ತೀರಿಕೊಂಡಳು.

ಈ ಕೊನೆಯ ಇಬ್ಬರ ಹೆಸರಿನ ಬಳಕೆಯಲ್ಲಿ ಒಂದು ಸಾಮ್ಯವಿದೆ. ಅಧಿಕಾರದ ಭಾಷೆ ಇವರನ್ನು ಗಂಡನ ಮೂಲಕ ಗುರುತಿಸುತ್ತದೆ: ಒಬ್ಬಳು ಸೋಮಶೇಖರ ನಾಯಕನ ಪತ್ನಿ, ಇನ್ನೊಬ್ಬಳು ಮಲ್ಲಸರ್ಜನ ವಿಧವೆ. ದತ್ತಕದ ವಿವಾದದಲ್ಲಿ ಕಂಪನಿಗೆ ಬೇಕಾಗಿದ್ದುದು ಗಂಡುಸಂತಾನದ ಲೆಕ್ಕ ಮಾತ್ರ. ಜನರ ನೆನಪು ಬೇರೆ ದಾರಿಯನ್ನು ಹಿಡಿಯಿತು. ಅದು ಗಂಡನ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಮುಂದಿರಿಸಿ ‘ಕೆಳದಿ ಚೆನ್ನಮ್ಮ’, ‘ಕಿತ್ತೂರು ಚೆನ್ನಮ್ಮ’ ಎಂದಿತು. ಇಬ್ಬರನ್ನು ಬೇರೆಮಾಡಿ ಹೇಳುವ ಅನುಕೂಲವೂ ಇದರ ಹಿಂದೆ ಇದ್ದಿರಬಹುದು. ಆದರೆ ಫಲಿತಾಂಶ ಅನುಕೂಲವನ್ನು ಮೀರಿದುದು. ಗ್ರಾಮನಾಮ ಪೂರ್ವಪದವಾಗಿ ಬಂದಾಗ ಕನ್ನಡದ ನಾಮಪದ್ಧತಿಯಲ್ಲಿ ಅದು ಆ ಊರಿನೊಡನೆ ವ್ಯಕ್ತಿಗಿರುವ ಹಕ್ಕಿನ ಸಂಬಂಧವನ್ನು ಸೂಚಿಸುತ್ತದೆ. ಮಕ್ಕಳ ಬಾಯಿಗೂ ಬರುವ ‘ಕಿತ್ತೂರು ಚೆನ್ನಮ್ಮ’ ಎಂಬ ಎರಡು ಪದಗಳು ಕಂಪನಿ ಅಲ್ಲಗಳೆದ ಸಂಬಂಧವನ್ನೇ ದೃಢಪಡಿಸುತ್ತವೆ.

6. ಆಧುನಿಕ ಬಳಕೆ

20ನೆಯ ಶತಮಾನದಲ್ಲಿ ಈ ಹೆಸರು ಸಾರ್ವಜನಿಕ ಲಾಂಛನವಾಯಿತು. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರ, ವೃತ್ತಗಳಿಗೂ ರೈಲಿಗೂ ಇಟ್ಟ ಹೆಸರುಗಳು, ಕಿತ್ತೂರಿನ ಉತ್ಸವ ಇವು ಅದನ್ನು ನಾಡಿನ ತುಂಬ ಹರಡಿದವು. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆ ಅನಾವರಣಗೊಂಡಿತು. 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಆಕೆಯ ಹೆಸರು ಬಂದಿತು. 2024ಕ್ಕೆ ಕಿತ್ತೂರಿನ ಕಾಳಗಕ್ಕೆ ಇನ್ನೂರು ವರ್ಷ ತುಂಬಿದುವು.

ಹೆಸರು ಹೀಗೆ ಮೇಲೇರುತ್ತಿದ್ದ ಕಾಲದಲ್ಲಿಯೇ ಮನೆಗಳಲ್ಲಿ ಅದು ಹಿಂದೆ ಸರಿಯತೊಡಗಿತು. ಶಾಲಾಶಿಕ್ಷಣ, ಮುದ್ರಿತ ಕಾದಂಬರಿ, ಚಲನಚಿತ್ರಗಳ ಪ್ರಭಾವದಿಂದ ಆಕಾರಾಂತ ಸಂಸ್ಕೃತನಾಮಗಳು ಹೆಣ್ಣುಮಕ್ಕಳ ಹೆಸರಿನ ಮಾದರಿಯಾದುವು. ‘ಅಮ್ಮ’, ‘ಅವ್ವ’ ಎಂದು ಮುಗಿಯುವ ಹೆಸರುಗಳಿಗೆ ಹಳ್ಳಿಯದು, ಹಳೆಯದು ಎಂಬ ಭಾವ ಅಂಟಿಕೊಂಡಿತು. ಅಜ್ಜಿಯ ಹೆಸರನ್ನು ಬಿಡಲೊಲ್ಲದವರು ಅದರ ಮೊದಲ ಅಕ್ಷರವನ್ನಷ್ಟೇ ಉಳಿಸಿಕೊಂಡು ಹೊಸ ಹೆಸರನ್ನು ಆರಿಸುವ ಒಪ್ಪಂದಕ್ಕೆ ಬಂದರು. ಚೆನ್ನಮ್ಮನ ಪ್ರತಿಮೆಗೆ ಮಾಲೆ ಹಾಕುವ ಸಮಾಜವು ತನ್ನ ಮಗಳಿಗೆ ಆ ಹೆಸರನ್ನಿಡಲು ಹಿಂಜರಿಯುವುದರಲ್ಲಿ ವಿರೋಧಾಭಾಸವಿದೆ. ಅದಕ್ಕೆ ಒಂದು ಕಾರಣ ಹೆಸರಿನ ಅರ್ಥದ ಸಂಕೋಚವೂ ಆಗಿದೆ. ‘ಚೆಲುವೆ’ ಎಂಬ ಅರ್ಥವೊಂದೇ ಉಳಿದಾಗ ಅದಕ್ಕಿಂತ ನವುರಾದ ಹತ್ತಾರು ಸಂಸ್ಕೃತ ಪರ್ಯಾಯಗಳು ಸಿಗುತ್ತವೆ. ಕ್ಷೇಮ, ಒಳಿತು, ಮನೆದೇವರು, ಹಿಂದಿನ ಅಜ್ಜಿ ಇವೆಲ್ಲ ಅಡಕವಾಗಿದ್ದ ಹೆಸರಿಗೆ ಪರ್ಯಾಯ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ.

ಬರವಣಿಗೆಯ ವ್ಯತ್ಯಾಸವನ್ನು ಸಂಶೋಧಕರೂ ಗ್ರಂಥಾಲಯಗಳೂ ಗಮನಿಸಬೇಕಾಗಿದೆ. ಆಡುನುಡಿಯಲ್ಲಿ ಪದಾದಿಯ ಎಕಾರವು ಅಕಾರಕ್ಕೆ ಹತ್ತಿರವಾಗುವುದರಿಂದ ‘ಚೆನ್ನ’, ‘ಚನ್ನ’ ಎರಡೂ ರೂಪಗಳು ಬಳಕೆಯಲ್ಲಿವೆ. ಚನ್ನಪಟ್ಟಣ, ಚನ್ನಗಿರಿ, ಚನ್ನರಾಯಪಟ್ಟಣ ಎಂದು ಸ್ಥಳನಾಮಗಳಲ್ಲಿ ಅಕಾರವೇ ರೂಢಿ. ಗ್ರಂಥಶೀರ್ಷಿಕೆಗಳಲ್ಲಿಯೂ ಸಂಸ್ಥೆಗಳ ಹೆಸರುಗಳಲ್ಲಿಯೂ ಎರಡೂ ಕಾಣುತ್ತವೆ. ಅಕಾರಾದಿ ಕ್ರಮದಲ್ಲಿ ಈ ಎರಡು ರೂಪಗಳ ನಡುವೆ ‘ಚಾ’ದಿಂದ ‘ಚೃ’ವರೆಗಿನ ನಮೂದುಗಳೆಲ್ಲ ಬರುತ್ತವೆ. ಒಂದೇ ವ್ಯಕ್ತಿಯನ್ನು ಕುರಿತ ಕೃತಿಗಳು ಸೂಚಿಯಲ್ಲಿ ಎರಡು ಕಡೆ ಚದುರಿಹೋಗುವುದು ಇದರಿಂದಲೇ. ‘ಚನ್ನ’ದಿಂದ ‘ಚೆನ್ನ’ಕ್ಕೂ, ‘ಚೆನ್ನ’ದಿಂದ ‘ಚನ್ನ’ಕ್ಕೂ ಅಡ್ಡ ಉಲ್ಲೇಖವನ್ನು ಕೊಡುವುದು, ‘ಚೆನ್ನಮ್ಮಾಜಿ’, ‘ಚೆನ್ನವ್ವ’, ‘ಚೆನ್ನಾಂಬಿಕೆ’ ಇವುಗಳನ್ನು ಮುಖ್ಯನಮೂದಿಗೆ ಜೋಡಿಸುವುದು, ‘ಚಿನ್ನಮ್ಮ’ನನ್ನು ಪ್ರತ್ಯೇಕವಾಗಿಡುವುದು ಅಗತ್ಯ. ‘ರಾಣಿ’ ಎಂಬುದು ಬಿರುದೇ ಹೊರತು ಹೆಸರಿನ ಭಾಗವಲ್ಲವಾದ್ದರಿಂದ ಅದರಡಿಯಲ್ಲಿ ನಮೂದಿಸುವುದೂ ಸಲ್ಲದು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳು ಸ್ಪಷ್ಟವಾಗುತ್ತವೆ. ‘ಚೆನ್ನ’ದ ಅರ್ಥವ್ಯಾಪ್ತಿ ಅಂದದಿಂದ ಒಳಿತಿನವರೆಗೆ ಹರಡಿದೆ. ಅದು ದೇವರಿಗೂ ಗಂಡಿಗೂ ಹೆಣ್ಣಿಗೂ ಸಮಾನವಾಗಿ ಸಲ್ಲುವ ನಾಮಪ್ರಕೃತಿ. ‘ಚೆನ್ನಮ್ಮ’ ಎಂಬಲ್ಲಿ ಅದು ವರ್ಣನೆಗಿಂತ ಹೆಚ್ಚಾಗಿ ಸಂಬಂಧವನ್ನು, ಎಂದರೆ ಮನೆದೇವರೊಡನೆ ಮತ್ತು ಮನೆಯ ಹಿರಿಯಳೊಡನೆ ಇರುವ ಸಂಬಂಧವನ್ನು, ಸೂಚಿಸುತ್ತದೆ. ಚೆನ್ನಪ್ಪನ ಹೆಸರಿಗೆ ಚರಿತ್ರೆಯಿಂದಲೂ ಚೆನ್ನಮ್ಮನ ಹೆಸರಿಗೆ ಕನ್ನಡಿಯಿಂದಲೂ ಅರ್ಥ ಹೇಳುವ ಪದ್ಧತಿಯನ್ನು ಕೈಬಿಡದೆ ಸ್ತ್ರೀನಾಮಗಳ ಅಧ್ಯಯನ ಮುಂದುವರಿಯಲಾರದು. ಬಸಮ್ಮ, ನಂಜಮ್ಮ, ಸಿದ್ದಮ್ಮ, ಮಲ್ಲಮ್ಮರ ಹೆಸರುಗಳೂ ಇದೇ ಬಗೆಯ ವಿವೇಚನೆಯನ್ನು ಕಾದಿವೆ. ಶಾಸನಗಳಲ್ಲಿ, ಮಠಗಳ ಕಡತಗಳಲ್ಲಿ, ಹಳ್ಳಿಯ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಈ ಹೆಸರುಗಳು ಚದುರಿಕೊಂಡಿವೆ. ಅವುಗಳನ್ನು ಊರು, ಕಾಲ, ಮನೆದೇವರು ಇವುಗಳೊಡನೆ ಸಂಗ್ರಹಿಸಿದಲ್ಲಿ ಕನ್ನಡ ನಾಡಿನ ಹೆಂಗಸರ ಚರಿತ್ರೆಗೆ ಬೇರೆಲ್ಲಿಯೂ ದೊರೆಯದ ಆಕರಸಾಮಗ್ರಿ ಒದಗುತ್ತದೆ.